ಕಿವಿಯಿಂದ ಹಕ್ಕಿ ನೋಡುತ್ತಿದ್ದ ಜುಬೇದಾ ಆಪಾ

ಜುಬೇದಾ ಆಪಾ ಹಕ್ಕಿ ನೋಡಲು ಬಂದು ಕಣ್ಣು ಮುಚ್ಚಿಕೊಂಡು ನಿಲ್ಲುತ್ತಿದ್ದರು. ಭಾನುವಾರ ಬೆಳಿಗ್ಗೆ ಹೆಬ್ಬಾಳ ಕೆರೆಯ ಏರಿಯ ಮೇಲೆ ನಾವೆಲ್ಲ ಬೈನಾಕ್ಯುಲರ್ ಎತ್ತಿ ಕೊಂಬೆ ಕೊಂಬೆ ತಡಕುತ್ತಿದ್ದರೆ, ಅವರು ದುಪಟ್ಟಾವನ್ನು ಕಿವಿಯ ಹಿಂದಕ್ಕೆ ಸರಿಸಿ, ಗದ್ದ ತುಸು ಎತ್ತಿ, ಯಾರದೋ ಫೋನಿಗೆ ಕಾದವರ ಹಾಗೆ ಇರುತ್ತಿದ್ದರು. ಹಿಂದೆ ಫ್ಲೈಓವರಿನ ಗದ್ದಲ. ಅದು ಅವರಿಗೆ ಲೆಕ್ಕಕ್ಕೇ ಇರಲಿಲ್ಲ.

"ಟೆಲಿಫೋನ್ ಎಕ್ಸ್‌ಚೇಂಜಲ್ಲಿ ಆಪರೇಟರ್ ಆಗಿದ್ದೆ ಕಣಮ್ಮ. ಟ್ರಂಕ್ ಕಾಲ್ ಕಾಲ. ಗರಗರ ಸದ್ದೊಳಗಿಂದ ಮನುಷ್ಯರ ಮಾತು ಹೆಕ್ಕಿ ತೆಗೀಬೇಕಿತ್ತು. ಇದೇನ್ ಮಹಾ," ಎಂದು ನಗುತ್ತಿದ್ದರು. ಆರ್.ಟಿ. ನಗರದ ಅವರ ಮನೆಯಲ್ಲಿ ಉರ್ದು, ಕೆರೆಯಲ್ಲಿ ಕನ್ನಡ. ಚಿಕ್ಕವರು, ದೊಡ್ಡವರು ಎಲ್ಲರಿಗೂ ಅವರು ಆಪಾ, ಅಂದರೆ ಅಕ್ಕ.

ನಾನು ಹೊಸದಾಗಿ ಈ ಹಕ್ಕಿ ನೋಡುವ ಗುಂಪಿಗೆ ಸೇರಿದ ದಿನ ಪಿಕಳಾರಗಳೆರಡು ಮರದಲ್ಲಿ ಒಂದೇ ಸಮ ಕೂಗುತ್ತಿದ್ದವು. "ಎಷ್ಟು ಚೆನ್ನಾಗಿ ಹಾಡ್ತಿವೆ!" ಅಂದೆ. ಆಪಾ ಕಣ್ಣು ತೆರೆಯಲಿಲ್ಲ. "ಹಾಡಲ್ಲ, ಬೈಗುಳ. ಯಾರನ್ನ ಬೈತಿವೆ, ಹುಡುಕು ನೋಡೋಣ." ಹುಡುಕಿದೆ. ಪೊಟರೆಯ ಬಾಯಲ್ಲಿ ಬೆಳಗಿನ ಬಿಸಿಲಿಗೆ ಕಣ್ಣು ಕಿರಿದಾಗಿಸಿಕೊಂಡು ಪುಟ್ಟ ಗೂಬೆಯೊಂದು, ಬೈಸಿಕೊಳ್ಳುತ್ತ ಕೂತಿತ್ತು. ಅಂದಿನಿಂದ ನಾನು ಆಪಾ ಅವರ ಬೆನ್ನು ಬಿಡಲಿಲ್ಲ.

ಕೆಲವು ವರ್ಷಗಳ ನಂತರ ಒಂದು ಬೆಳಿಗ್ಗೆ ಯಲಹಂಕದ ಕಡೆಯ ಕೆರೆಗೆ ನಾವಿಬ್ಬರೇ ಹೋಗಿದ್ದೆವು. ಗಸಗಸೆ ಹಣ್ಣಿನ ಮರದಲ್ಲಿ ಬದನಿಕೆ ಹಕ್ಕಿ ಟಿಕ್ ಟಿಕ್ ಎಂದು ಕೂಗುತ್ತಿತ್ತು. ಹೆಬ್ಬೆರಳಿನಷ್ಟು ಹಕ್ಕಿ, ಸೂಜಿಯಂಥ ದನಿ. ಆಪಾ ಅದರ ಕೆಳಗೇ ಹಾದು ಮುಂದೆ ಹೋದರು.

"ಆಪಾ, ಬದನಿಕೆ!"

"ಎಲ್ಲಿ?"

"ನಿಮ್ಮ ತಲೆ ಮೇಲೇ."

ಅವರು ನಿಂತು, ಕಣ್ಣು ಮುಚ್ಚಿ, ಬಹಳ ಹೊತ್ತು ಕಾದರು. "ಈಗಲೂ ಕೂಗ್ತಿದ್ಯಾ?" ಕೂಗುತ್ತಲೇ ಇತ್ತು. ನಾನು ಹೂಂ ಎಂದೆ. ಆಪಾ ಹೊಸ ಹಕ್ಕಿ ಕಂಡವರ ಹಾಗೆ ಹುಬ್ಬೇರಿಸಿದರು. "ಅರೇ! ಹಾಗಾದ್ರೆ ಬೇರೆ ಯಾವ್ಯಾವ್ದು ಹೋಗಿದೆ? ಬಾ, ನಿಂಗೆ ಕೇಳಿಸಿದಾಗೆಲ್ಲ ಬೆರಳೆತ್ತು, ನಂಗೆ ಕೇಳಿಸಿದ್ರೆ ನಾನೂ ಎತ್ತೀನಿ."

ಕೆರೆ ಸುತ್ತಿದೆವು. ಸೂರಕ್ಕಿಯ ಸಣ್ಣ ದನಿಗೆ ನಾನೊಬ್ಬಳೇ ಬೆರಳೆತ್ತಿದೆ. ನೀರಿನ ಮೇಲೆ ಚೀ ಎಂದು ಹಾರಿದ ಮಿಂಚುಳ್ಳಿಗೂ ನಾನೊಬ್ಬಳೇ. ಪೊದೆಯೊಳಗಿಂದ ಕೆಂಬೂತ ಊಪ್ ಊಪ್ ಎಂದಾಗ ಇಬ್ಬರ ಬೆರಳೂ ಮೇಲೆ. "ದಪ್ಪ ದನಿಯೋರು ಇನ್ನೂ ಲೈನಲ್ಲಿದ್ದಾರೆ," ಎಂದರು. ಮನೆಗೆ ಹೊರಟಾಗ ಬಸ್ಸಿನಲ್ಲಿ ಅವರು ಕಿಟಕಿಯಾಚೆ ನೋಡುತ್ತಾ ಕೂತಿದ್ದರು.

ಡಾಕ್ಟರು ಕೊಟ್ಟ ಕಿವಿಯ ಯಂತ್ರ ಫ್ಲೈಓವರನ್ನು ಇನ್ನಷ್ಟು ಹತ್ತಿರ ತಂದಿತೇ ಹೊರತು ಬದನಿಕೆಯನ್ನು ತರಲಿಲ್ಲ. ಆ ಮಳೆಗಾಲ ಮುಗಿದ ಮೇಲೆ, ಕೆರೆಯ ಎದುರಿನ ಟೀ ಅಂಗಡಿಯಲ್ಲಿ ಆಪಾ ಗುಂಪಿಗೆ ಸುದ್ದಿ ಹೇಳಿದರು. ಹೊನ್ನಾವರದಲ್ಲಿ ತಂಗಿ ಇದ್ದಾಳೆ, ಇನ್ನು ಅಲ್ಲೇ ಇರುತ್ತೇನೆ, ಎಂದು.

ವಾಯುಪಡೆಯಿಂದ ನಿವೃತ್ತರಾಗಿದ್ದ ಕೃಷ್ಣಪ್ಪನವರು ಟೀ ಲೋಟ ಕೆಳಗಿಟ್ಟೇ ಬಿಟ್ಟರು. "ಏನ್ ಆಪಾ ನೀವು! ಕಿವಿ ಮಂದ ಆದ್ರೇನಂತೆ, ನಾವಿಲ್ವಾ? ಏನ್ ಕೂಗಿದ್ರೂ ನಾವ್ ಹೇಳ್ತೀವಲ್ಲ."

"ಅದಕ್ಕೇ ಹೋಗ್ತಿರೋದು ಕೃಷ್ಣಪ್ಪನೋರೇ. ನೀವು ಹೇಳ್ತೀರಿ, ನಾನು ತಲೆ ಆಡಿಸ್ತೀನಿ. ಆಪಾ ಅನ್ನೋ ಮರ್ಯಾದೆ ಉಳಿಯುತ್ತೆ, ಹಕ್ಕಿ ಉಳಿಯಲ್ಲ." ಆಪಾ ಕೆರೆಯ ಕಡೆ ಕೈ ತೋರಿದರು. "ಇಲ್ಲಿ ಒಂದೊಂದಾಗಿ ಕಳ್ಕೊಳ್ತಾ ಕೂತಿರ್ಬೇಕು. ಅಲ್ಲಿ ಒಂದು ಹಕ್ಕೀದೂ ದನಿ ನಂಗೊತ್ತಿಲ್ಲ. ಕಳ್ಕೊಳ್ಳೋಕೇನಿದೆ?"

ನನಗೆ ಕೋಪವೇ ಬಂತು. ಊರು ತುಂಬ ಸ್ನೇಹಿತರನ್ನು ಬಿಟ್ಟು, ತಂಗಿಯ ಹೊರತು ಯಾರ ಗುರುತೂ ಇಲ್ಲದ ಕಡಲ ತೀರಕ್ಕೆ ಹೋಗುವುದೇ? ಯಶವಂತಪುರದಲ್ಲಿ ರೈಲು ಹತ್ತಿಸುವಾಗಲೂ ನಾನು ಮುಖ ಊದಿಸಿಕೊಂಡೇ ಇದ್ದೆ.

ಕಳೆದ ಚಳಿಗಾಲದಲ್ಲಿ ಹೊನ್ನಾವರಕ್ಕೆ ಹೋದೆ. ಆಪಾ ಗೆಳೆಯರಿಲ್ಲದೆ ಬೇಸತ್ತಿರುತ್ತಾರೆ, ಕರೆದುಕೊಂಡು ಬರಬಹುದು ಎಂಬ ಆಸೆ ಒಳಗೊಳಗೇ ಇತ್ತು. ಶರಾವತಿ ಕಡಲಿಗೆ ಸೇರುವಲ್ಲಿ, ಇಳಿತಕ್ಕೆ ನೀರು ಸರಿದ ಕೆಸರಿನ ಅಂಚಿನಲ್ಲಿ ಅವರು ಕೂತಿದ್ದರು. ಬಿಸಿಲಿಗೆ ಕಪ್ಪಾಗಿದ್ದರು. ಅಲೆಗಳ ಮೊರೆತದಲ್ಲಿ ನನಗೂ ಯಾವ ಹಕ್ಕಿಯ ದನಿಯೂ ಕೇಳುತ್ತಿರಲಿಲ್ಲ.

"ಹೇಗಿದ್ದೀರಿ ಆಪಾ?"

"ಕೂತ್ಕೊ. ಅದನ್ನ ನೋಡು."

ಮರಳು ಬಣ್ಣದ ಪುಟ್ಟ ಹಕ್ಕಿ. ನಾಲ್ಕು ಹೆಜ್ಜೆ ಓಡಿ ನಿಂತು, ಒಂದು ಕಾಲನ್ನು ಮಾತ್ರ ಮುಂದೆ ಚಾಚಿ ಒದ್ದೆ ಕೆಸರಿನ ಮೇಲೆ ಗಡಗಡ ನಡುಗಿಸುತ್ತಿತ್ತು. ಆಮೇಲೆ ತಟ್ಟನೆ ಕುಕ್ಕುತ್ತಿತ್ತು.

"ಚಳಿ ಅಂದ್ಕೊಂಡಿದ್ದೆ. ಈ ಬಿಸಿಲಲ್ಲಿ ಎಂಥಾ ಚಳಿ? ಕೆಸರು ಅದುರಿಸಿದ್ರೆ ಒಳಗಿರೋ ಹುಳ ಅಲ್ಲಾಡುತ್ತೇನೋ ಅಂತ. ನಿಜವೋ ಸುಳ್ಳೋ, ಗೊತ್ತಿಲ್ಲ." ಹೇಳುತ್ತಲೇ ಚಪ್ಪಲಿ ಕಳಚಿ, ಸಲ್ವಾರ್ ಮೇಲಕ್ಕೆ ಮಡಚಿ, ನನ್ನ ಭುಜ ಹಿಡಿದುಕೊಂಡು ಕೆಸರಿಗಿಳಿದರು.

ವಾಪಸ್ ಬರ್ತೀರಾ ಎಂದು ಕೇಳಲು ಬಂದಿದ್ದವಳು ಆ ಮಾತು ಎತ್ತಲಿಲ್ಲ. ಸಂಜೆಯ ಬಸ್ಸಿಗೆ ಹೊತ್ತಾಯಿತೆಂದಾಗ ಅವರು ನನ್ನ ಕೆನ್ನೆ ತಟ್ಟಿ, "ಹೋಗ್ಬಾ ಬೇಟಾ, ಎಲ್ಲರಿಗೂ ಸಲಾಂ ಹೇಳು," ಎಂದು ಮತ್ತೆ ನೀರಿನ ಕಡೆ ತಿರುಗಿದರು.

ರಸ್ತೆಗೆ ಹತ್ತಿ ಹಿಂತಿರುಗಿ ನೋಡಿದೆ. ಅಷ್ಟು ದೊಡ್ಡ ತೀರದಲ್ಲಿ, ಬಗ್ಗಿ ಕೆಸರನ್ನೇ ನೋಡುತ್ತಾ, ಆಪಾ ಒಂದು ಕಾಲನ್ನು ಗಡಗಡ ನಡುಗಿಸುತ್ತಿದ್ದರು.