ಮೇಲಿನ ಹತ್ತು ಸಾಲು

ಹೊಲಿಗೆ ಯಂತ್ರದ ಎಣ್ಣೆಯ ವಾಸನೆ ಬರುವ ಬೈಬಲ್ಲನ್ನು ನೀವು ಕಂಡಿರಲಿಕ್ಕಿಲ್ಲ. ನಮ್ಮ ಅಜ್ಜನ ಬೈಬಲ್ಲಿಗೆ ಆ ವಾಸನೆ ಇತ್ತು. ಹೋದ ತಿಂಗಳು ನನ್ನ ತಮ್ಮ ಮನೆ ಬದಲಿಸುವಾಗ ಹಳೆಯ ಟ್ರಂಕೊಂದನ್ನು ತಂದು ವಿದ್ಯಾನಗರದ ನನ್ನ ಮನೆಯಲ್ಲಿ ಇಳಿಸಿ ಹೋದ. ಮುಚ್ಚಳ ತೆಗೆದರೆ ಮೇಲೆ ಅವ್ವನ ಎರಡು ಇಳಕಲ್ ಸೀರೆ, ಅವುಗಳ ಕೆಳಗೆ ಕಪ್ಪು ರಟ್ಟಿನ ಆ ದಪ್ಪ ಪುಸ್ತಕ. ಐವತ್ತು ವರ್ಷ ಕಳೆದರೂ ವಾಸನೆ ಹೋಗಿರಲಿಲ್ಲ. ಇಲ್ಲವೇ ಎಂದೋ ಹೋಗಿತ್ತು, ನನ್ನ ಮೂಗೇ ಅದನ್ನು ಹುಡುಕಿ ತಂದಿತೋ ಏನೋ. ಈ ವಯಸ್ಸಿನಲ್ಲಿ ಯಾವುದು ಖರೆ, ಯಾವುದು ನಾನೇ ಸೇರಿಸಿಕೊಂಡದ್ದು ಎಂದು ಬೇರೆ ಮಾಡುವುದು ನನಗೆ ಆಗುತ್ತಿಲ್ಲ.

ಮಾಳಮಡ್ಡಿಯ ನಮ್ಮ ಹಳೆಯ ಮನೆ ಈಗಿಲ್ಲ. ಅಲ್ಲಿ ನಾಲ್ಕು ಮಹಡಿ ಎದ್ದಿವೆ, ನಮ್ಮ ಪಡಸಾಲೆ ಇದ್ದಲ್ಲಿ ಯಾರದೋ ಕಾರು ನಿಲ್ಲುತ್ತದೆ. ಪಡಸಾಲೆಯ ಕಿಟಕಿಯ ಕೆಳಗೆ ಕರುಣತ್ತಿಯ ಹೊಲಿಗೆ ಯಂತ್ರ ಇರುತ್ತಿತ್ತು. ಕರುಣತ್ತಿ ಎಂದರೆ ನನ್ನ ಅಪ್ಪನ ತಂಗಿ. ಮದುವೆ ಆಗಿರಲಿಲ್ಲ, ಅರ್ಧ ಓಣಿಯ ಹೆಂಗಸರ ಜಂಪರು ಅವಳೇ ಹೊಲಿಯುತ್ತಿದ್ದಳು. ಬೆಳಕು ಚೆನ್ನಾಗಿ ಬೀಳುತ್ತಿದ್ದ ಜಾಗ ಅದೊಂದೇ ಆದ್ದರಿಂದ ಸಂಜೆಯ ಬೈಬಲ್ ವಾಚನವೂ ಅಲ್ಲಿಯೇ ಆಗಬೇಕು. ದೀಪ ಹಚ್ಚುವ ಮುಂಚೆಯೇ ಅತ್ತಿ ತುಣುಕು ಬಟ್ಟೆಗಳನ್ನೆಲ್ಲ ಬುಟ್ಟಿಗೆ ತುಂಬಿ, ಸೂಜಿಯನ್ನು ಮೇಲೆತ್ತಿ, ಯಂತ್ರವನ್ನು ಒಳಗೆ ಮಡಚಿ, ಹಲಗೆಯನ್ನು ಸೆರಗಿನಿಂದ ಒರೆಸಿ, "ಬರ್ರಿ ಅಪ್ಪಾ, ನಿಮ್ಮ ಕುರ್ಚಿ ಖಾಲಿ ಐತಿ" ಎನ್ನುತ್ತಿದ್ದಳು. ಎಷ್ಟು ಒರೆಸಿದರೂ ಒಂದಿಷ್ಟು ಎಣ್ಣೆ, ಒಂದಿಷ್ಟು ನೀಲಿ ಸೀಮೆಸುಣ್ಣದ ಪುಡಿ ಹಲಗೆಯ ಮೇಲೆ ಉಳಿದೇ ಇರುತ್ತಿತ್ತು. ಬಟ್ಟೆಗೆ ಗುರುತು ಹಾಕಲು ಅವಳು ಇಟ್ಟುಕೊಂಡಿದ್ದ ಸೀಮೆಸುಣ್ಣ ಅದು. ಅಜ್ಜನ ಬೈಬಲ್ ಅವೆರಡನ್ನೂ ದಿನಾ ಸ್ವಲ್ಪ ಸ್ವಲ್ಪ ಕುಡಿಯುತ್ತಿತ್ತು.

ಅಜ್ಜ ಬೋಧಕನಲ್ಲ, ನಿವೃತ್ತ ಶಾಲಾಮಾಸ್ತರ. ಹೀಗಾಗಿ ದೇವರ ವಾಕ್ಯವನ್ನೂ ಪಾಠದ ಹಾಗೆಯೇ ಕಲಿಸುತ್ತಿದ್ದ. ನಮ್ಮ ಮನೆಯಲ್ಲಿ ಒಂದೇ ಒಂದು ವಚನವನ್ನು ಕಿತ್ತು ಓದುವಂತಿರಲಿಲ್ಲ. "ಹತ್ತು ಸಾಲು ಮ್ಯಾಲ, ಹತ್ತು ಸಾಲು ಕೆಳಗ. ಆಮ್ಯಾಲ ನಿನ್ನ ವಚನ" ಎನ್ನುತ್ತಿದ್ದ. ಮಾತು ಆಡಿದವರು ಯಾರು, ಯಾರಿಗೆ ಆಡಿದರು, ಯಾವ ಹೊತ್ತಿನಲ್ಲಿ ಆಡಿದರು ಎಂದು ಮೊದಲು ಕೇಳಬೇಕು. ಹಾಡಿದ್ದರೆ ಹಾಡಿನ ಹಾಗೆ ಓದಬೇಕು, ಕಟ್ಟಳೆ ಇದ್ದರೆ ಕಟ್ಟಳೆಯ ಹಾಗೆ. ಪತ್ರ ಬಂದರೆ, ಇನ್ನೊಬ್ಬರಿಗೆ ಬರೆದ ಪತ್ರವನ್ನು ನಾವು ಓದುತ್ತಿದ್ದೇವೆ ಎಂಬ ಸಂಕೋಚ ಇರಬೇಕು. ಇಷ್ಟೆಲ್ಲ ಆದ ಮೇಲೂ ತಿಳಿಯದಿದ್ದರೆ ಅಂಚಿನಲ್ಲಿ ಪೆನ್ಸಿಲಿನಿಂದ ಸಣ್ಣ ಪ್ರಶ್ನೆ ಚಿಹ್ನೆ ಹಾಕಬೇಕು. "ತಿಳೀದಿದ್ದಕ್ಕ ತಿಳೀಲಿಲ್ಲ ಅನ್ನೋದೂ ಭಕ್ತೀನ" ಎನ್ನುತ್ತಿದ್ದ. ಯಂತ್ರ ರಿಪೇರಿಗೆ ಬರುತ್ತಿದ್ದ ರಸೂಲ ಕಾಕಾ ಒಮ್ಮೆ ಇದನ್ನೆಲ್ಲ ಕೇಳಿಸಿಕೊಂಡು, "ಖರೇರಿ ಮಾಸ್ತರ. ನಮ್ಮಾಗೂ ಯಾವಾಗ, ಯಾರಿಗೆ ಹೇಳಿದ್ದು ಅಂತ ನೋಡೇ ಓದಬೇಕ್ರಿ" ಎಂದಿದ್ದ. ಅಜ್ಜನಿಗೆ ಅವತ್ತು ಎಷ್ಟು ಖುಷಿಯಾಯಿತೆಂದರೆ, ಕಾಕಾನಿಗೆ ಎರಡು ಸಲ ಚಹಾ ಕುಡಿಸಿಯೇ ಕಳಿಸಿದ. ಈ ನಿಯಮಗಳಲ್ಲಿ ನಾನು ಬಲು ಜಾಣೆ. ಯಾರಾದರೂ ನಡುವಿನಿಂದ ಓದತೊಡಗಿದರೆ ನನ್ನ ಬೆರಳು ತಾನಾಗಿಯೇ ಮೇಲಕ್ಕೆ ಹೋಗುತ್ತಿತ್ತು. ಅಜ್ಜ ನಗುತ್ತಿದ್ದ. ಆ ನಗುವಿಗಾಗಿ ನಾನು ಏನು ಬೇಕಾದರೂ ಮಾಡುತ್ತಿದ್ದೆ.

ಆದರೆ ಅದೇ ಮನೆಯಲ್ಲಿ ವರ್ಷಕ್ಕೊಮ್ಮೆ ಈ ನಿಯಮ ಮುರಿಯುತ್ತಿತ್ತು. ಹೊಸ ವರ್ಷದ ಬೆಳಿಗ್ಗೆ, ನಾವು ಗುಡಿ ಎನ್ನುತ್ತಿದ್ದ ಚರ್ಚಿನಲ್ಲಿ ಆರಾಧನೆ ಮುಗಿದ ಮೇಲೆ ತಟ್ಟೆಯೊಂದರಲ್ಲಿ ವಾಗ್ದಾನದ ಕಾರ್ಡುಗಳನ್ನು ಬೋರಲಾಗಿ ಹರಡಿ ಹಿಡಿಯುತ್ತಿದ್ದರು. ಕಣ್ಣು ಮುಚ್ಚಿ ಒಂದನ್ನು ಎತ್ತಿಕೊಳ್ಳಬೇಕು. ಅದರಲ್ಲಿದ್ದ ವಚನವೇ ಆ ವರ್ಷ ದೇವರು ನಮಗೆ ಕೊಟ್ಟ ಮಾತು. ಅಜ್ಜ ಎತ್ತುತ್ತಿರಲಿಲ್ಲ, ಬೇಡವೆಂದೂ ಹೇಳುತ್ತಿರಲಿಲ್ಲ. ಅತ್ತಿ ಮಾತ್ರ ತನ್ನ ಕಾರ್ಡನ್ನು ಯಂತ್ರದ ಮೇಲಿನ ಗೋಡೆಗೆ ಗುಂಡುಪಿನ್ನುಗಳಿಂದ ಚುಚ್ಚಿ, ವರ್ಷವಿಡೀ ಅದರ ಕೆಳಗೆ ಕೂತು ಹೊಲಿಯುತ್ತಿದ್ದಳು.

ನನಗೆ ಹನ್ನೊಂದು ತುಂಬಿದ ಆ ಡಿಸೆಂಬರಿನಲ್ಲಿ ಅತ್ತಿಯ ಎದೆಯಲ್ಲಿ ಗಂಟು ಇದೆಯೆಂದು ಹುಬ್ಬಳ್ಳಿಯ ಡಾಕ್ಟರು ಹೇಳಿದ್ದರು. ಲಗೂನೆ ಆಪರೇಷನ್ ಆಗಬೇಕು, ತಡ ಮಾಡಬೇಡಿ ಎಂದಿದ್ದರು. ಜನವರಿಯ ಒಂದನೇ ತಾರೀಖು ಅತ್ತಿಯ ಕೈಗೆ ಬಂದ ಕಾರ್ಡು ಎಂಥದು ಗೊತ್ತೇ? ನಿನ್ನ ಮೊರೆ ಕೇಳಿದ್ದೇನೆ, ನಿನ್ನ ಕಣ್ಣೀರು ಕಂಡಿದ್ದೇನೆ, ನಿನ್ನನ್ನು ವಾಸಿ ಮಾಡುತ್ತೇನೆ ಎನ್ನುವ ಮಾತು. ಅವಳ ಮುಖ ಅರಳಿದ್ದನ್ನು ನಾನು ನೋಡಿದೆ. "ವೈನಿ, ಇನ್ನ ಆಪರೇಷನ್ ಬ್ಯಾಡ. ದೇವರೇ ಮಾತು ಕೊಟ್ಟಾನ" ಎಂದು ಅವ್ವನಿಗೆ ಹೇಳಿ ಕಾರ್ಡು ಚುಚ್ಚಿದಳು. ಅಪ್ಪ ಬೈದ, ಅವ್ವ ಅತ್ತಳು. ಅಜ್ಜ ಆರು ವಾರ ಸುಮ್ಮನಿದ್ದ. ಅದು ಯೆಹೂದದ ಒಬ್ಬ ಅರಸನಿಗೆ ಹೇಳಿದ ಮಾತು, ನಿನಗಲ್ಲ ಎಂದು ಹೇಳಲು ಅವನಿಗೆ ಒಂದು ನಿಮಿಷ ಸಾಕಿತ್ತು. ಸ್ವಂತ ಮಗಳಿಗೆ ಅದನ್ನು ಹೇಳಲು ಬಾಯಿ ಬರಲಿಲ್ಲ ಎಂದು ಈಗ ಅನಿಸುತ್ತದೆ.

ಫೆಬ್ರುವರಿಯ ಒಂದು ಸಂಜೆ ಅಜ್ಜ ಯಾರನ್ನೂ ಕೇಳದೆ ಆ ಅಧ್ಯಾಯವನ್ನೇ ತೆಗೆದ. ಕಾರ್ಡಿನಲ್ಲಿದ್ದ ಮಾತಿನಿಂದಲೇ ಶುರು ಮಾಡಿ ನಿಧಾನವಾಗಿ ಕೆಳಗೆ ಬಂದ. ವಾಸಿ ಮಾಡುತ್ತೇನೆಂದು ದೇವರೇ ಹೇಳಿಯಾದ ಮೇಲೂ, ಆ ಮಾತು ತಂದ ಪ್ರವಾದಿ ಅಂಜೂರದ ಹಣ್ಣಿನ ಮುದ್ದೆ ತರಿಸಿ ಅರಸನ ಹುಣ್ಣಿಗೆ ಹಚ್ಚಿಸಿದ ಎಂಬಲ್ಲಿ ನಿಲ್ಲಿಸಿದ. "ನೋಡು ಕರುಣಾ. ಮಾತು ಕೊಟ್ಟಾವ ಔಷಧಾ ಬ್ಯಾಡ ಅನ್ನಲಿಲ್ಲ" ಎಂದ. ಅತ್ತಿ ತಲೆ ತಗ್ಗಿಸಿ ಕೂತಿದ್ದಳು. ಎಲ್ಲರೂ ಅವಳನ್ನೇ ನೋಡುತ್ತಿದ್ದರು, ನನ್ನೊಬ್ಬಳನ್ನು ಬಿಟ್ಟು. ನನಗೆ ತಪ್ಪು ಸಿಕ್ಕಿತ್ತು.

"ಅಜ್ಜಾ, ಮ್ಯಾಲಿನ ಹತ್ತು ಸಾಲು ಓದಲೇ ಇಲ್ಲಲ್ಲ?" ಎಂದೆ. "ಇವತ್ತ ಬ್ಯಾಡವ್ವಾ" ಎಂದ ಅಜ್ಜ. ಅಜ್ಜ ನನ್ನನ್ನು ಪರೀಕ್ಷೆ ಮಾಡುತ್ತಿದ್ದಾನೆಂದು ನಾನು ತಿಳಿದೆ. ಹಾಗೆ ಎಷ್ಟೋ ಸಲ ಮಾಡಿದ್ದ. ಪುಸ್ತಕವನ್ನು ನನ್ನ ಕಡೆಗೆ ಎಳೆದುಕೊಂಡು, ಗುಡಿಯಲ್ಲಿ ಓದುವ ಹಾಗೆ ದೊಡ್ಡ ದನಿಯಲ್ಲಿ ಅಧ್ಯಾಯದ ಮೊದಲಿನಿಂದ ಓದಿದೆ. ಅರಸನಿಗೆ ಮರಣಕರ ರೋಗ ಬಂದಿತ್ತು. ಪ್ರವಾದಿ ಬಂದು ಹೇಳಿದ: ನಿನ್ನ ಮನೆಯ ಕೆಲಸ ಕಾರ್ಯಗಳನ್ನು ನೇರ್ಪುಮಾಡಿಕೋ, ನೀನು ಸಾಯುವೆ, ಬದುಕುವುದಿಲ್ಲ. ಅಲ್ಲಿಗೆ ನನಗೆ ಅರ್ಥವಾಯಿತು. ಅವ್ವ ಬಾಯಿಗೆ ಸೆರಗು ಒತ್ತಿಕೊಂಡಳು. ಅಜ್ಜ ಕನ್ನಡಕ ತೆಗೆದು ಹಲಗೆಯ ಮೇಲಿಟ್ಟ. ಕರುಣತ್ತಿ ಒಬ್ಬಳೇ ನನ್ನನ್ನು ನೋಡುತ್ತಿದ್ದಳು, ಸಿಟ್ಟಿಲ್ಲದೆ. "ಮುಂದ?" ಎಂದಳು. ನಾನು ಎದ್ದು ಅಂಗಳ ದಾಟಿ ಓಡಿದೆ. "ಮುಂದ ಓದು, ಪುಟ್ಟಿ. ಬಾ ಇಲ್ಲೆ" ಎಂದು ಅವಳು ಹಿಂದಿನಿಂದ ಕೂಗಿದ್ದು ಕೇಳಿಸಿತು. ನಾನು ತಿರುಗಲಿಲ್ಲ.

ಮರುದಿನ ಬೆಳಿಗ್ಗೆ ಅತ್ತಿ ಆಪರೇಷನ್ನಿಗೆ ಒಪ್ಪಿದಳು. ಅದಕ್ಕೂ ಮೊದಲು ಮೂರು ದಿನ ಕೂತು, ಹಿಡಿದಿದ್ದ ಜಂಪರುಗಳನ್ನೆಲ್ಲ ಹೊಲಿದು ಮುಗಿಸಿ, ಒಂದೊಂದಕ್ಕೂ ಹೆಸರಿನ ಚೀಟಿ ಚುಚ್ಚಿದಳು. ಗುಂಡಿಗಳನ್ನು ಬಣ್ಣದ ಪ್ರಕಾರ ಡಬ್ಬಿಗಳಿಗೆ ತುಂಬಿದಳು. ಅವ್ವನಿಗೆ ಯಂತ್ರಕ್ಕೆ ದಾರ ಪೋಣಿಸುವುದನ್ನು ಕಲಿಸಿದಳು. ಅವಳು ಒಪ್ಪಿದ್ದು ಅಜ್ಜನ ಅಂಜೂರದ ಮುದ್ದೆ ಕೇಳಿಯೋ, ನನ್ನ ಎರಡು ಸಾಲು ಕೇಳಿಯೋ ನನಗೆ ಗೊತ್ತಿಲ್ಲ. ನೆಟ್ಟಗಾಗಲೆಂದು ಹೋದಳೋ, ಎಲ್ಲ ಮುಗಿಯಿತೆಂದು ಹೋದಳೋ ಅದೂ ಗೊತ್ತಿಲ್ಲ. ಆಪರೇಷನ್ ಆಯಿತು, ಮನೆಗೂ ಬಂದಳು, ನನ್ನ ಜಡೆಯನ್ನೂ ಹಾಕಿದಳು. ಆ ಸಂಜೆಯ ಮಾತನ್ನು ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಶ್ರಾವಣದ ಜಿಟಿಜಿಟಿ ಮಳೆಯಲ್ಲಿ ಅವಳನ್ನು ಮಣ್ಣು ಮಾಡಿ ಬಂದೆವು. ಅಜ್ಜ ನನಗೆ ಒಂದು ಮಾತೂ ಬೈಯಲಿಲ್ಲ. ಆದರೆ ವಾಚನದ ಹೊತ್ತಿಗೆ ಮತ್ತೆಂದೂ ನನ್ನ ಬೆರಳು ಮೇಲಕ್ಕೆ ಹೋಗಲಿಲ್ಲ, ಅವನೂ ಮತ್ತೆ ಹಾಗೆ ನಗಲಿಲ್ಲ.

ಇಷ್ಟು ವರ್ಷ ನಾನು ಇದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ್ದೇನೆ. ನಿಯಮ ತಪ್ಪೇ? ಅಲ್ಲ. ನಾನು ಓದಿದ್ದು ಸುಳ್ಳೇ? ಅದೂ ಅಲ್ಲ. ಹಾಗಿದ್ದರೆ ಅವತ್ತು ಮೇಲಿನ ಸಾಲುಗಳನ್ನು ಬಿಟ್ಟ ಅಜ್ಜ ವಾಕ್ಯಕ್ಕೆ ಮೋಸ ಮಾಡಿದನೇ, ಅಥವಾ ಅವತ್ತೊಂದೇ ದಿನ ಅದನ್ನು ಸರಿಯಾಗಿ ಓದಿದನೇ? ಮಾತು ಯಾರಿಗೆ ಆಡಿದ್ದು ಎಂದು ಕೇಳಲು ಕಲಿಸಿದವನು ಅವನೇ. ನಾನು ಯಾರಿಗೆ ಓದುತ್ತಿದ್ದೇನೆ ಎಂದು ನೋಡಿಕೊಳ್ಳಲಿಲ್ಲ.

ಟ್ರಂಕಿನಿಂದ ತೆಗೆದ ಪುಸ್ತಕದಲ್ಲಿ ಆ ಪುಟ ಬೇಗ ಸಿಕ್ಕಿತು, ಏಕೆಂದರೆ ಕಾರ್ಡು ಅಲ್ಲಿಯೇ ಇತ್ತು, ನಾಲ್ಕು ಮೂಲೆಗೂ ಪಿನ್ನಿನ ತೂತು. ಆದರೆ ನನ್ನ ಕೈ ನಿಂತದ್ದು ಕಾರ್ಡಿಗಲ್ಲ. ಅಧ್ಯಾಯದ ಮೊದಲ ವಚನದ ಪಕ್ಕ, ಮನೆಯ ಕೆಲಸಗಳನ್ನು ನೇರ್ಪುಮಾಡಿಕೋ ಎನ್ನುವಲ್ಲಿ, ನೀಲಿ ಸೀಮೆಸುಣ್ಣದ ಒಂದು ನೇರ ಗೆರೆ. ಅದು ಅಜ್ಜನದಲ್ಲ. ಬಟ್ಟೆ ಕತ್ತರಿಸುವ ಮುಂಚೆ ಅತ್ತಿ ಎಳೆಯುತ್ತಿದ್ದ ಗೆರೆ. ಅದನ್ನು ಅವಳು ಎಳೆದದ್ದು ನಾನು ಓದಿದ ಆ ಸಂಜೆಯ ಮೊದಲೋ, ಆಮೇಲೋ? ಮೊದಲಾಗಿದ್ದರೆ ಅವಳಿಗೆ ಎಲ್ಲ ಗೊತ್ತಿತ್ತು, ನಾನು ಹೊಸದೇನನ್ನೂ ಹೇಳಿರಲಿಲ್ಲ. ಆಮೇಲೆ ಎಳೆದದ್ದಾದರೆ... ಗೆರೆಗೆ ಮೇಲಿನ ಹತ್ತು ಸಾಲೂ ಇಲ್ಲ, ಕೆಳಗಿನ ಹತ್ತು ಸಾಲೂ ಇಲ್ಲ.

ಮೊಮ್ಮಗಳ ಕಂಪಾಸು ಪೆಟ್ಟಿಗೆಯಿಂದ ಪೆನ್ಸಿಲ್ ತಂದು ಗೆರೆಯ ಪಕ್ಕದಲ್ಲಿ ಸಣ್ಣ ಪ್ರಶ್ನೆ ಚಿಹ್ನೆ ಹಾಕಿದೆ. ಆಮೇಲೆ, ಮನೆಯಲ್ಲಿ ಯಾರೂ ಇಲ್ಲದಿದ್ದರೂ, ಅವತ್ತು ಬಿಟ್ಟಲ್ಲಿಂದ ಗಟ್ಟಿಯಾಗಿ ಓದತೊಡಗಿದೆ. ಅರಸ ಗೋಡೆಯ ಕಡೆಗೆ ಮುಖ ತಿರುಗಿಸಿ ಅತ್ತ. ಪ್ರವಾದಿ ಇನ್ನೂ ನಡುವಣ ಅಂಗಳವನ್ನು ದಾಟಿರಲಿಲ್ಲ, ಅಷ್ಟರಲ್ಲಿ ಹಿಂದಿರುಗಿ ಹೋಗಿ, ವಾಸಿ ಮಾಡುತ್ತೇನೆಂದು ಅವನಿಗೆ ಹೇಳು ಎಂಬ ದೇವರ ಮಾತು ಬಂತು, ಅವನು ಹಿಂದಿರುಗಿದ. ಅಲ್ಲಿ ಕಣ್ಣೊರೆಸಿಕೊಂಡೆ. "ಓದಾಕತ್ತೇನಿ ಅತ್ತಿ" ಎಂದು, ಅಂಜೂರದ ಹಣ್ಣಿನವರೆಗೂ ಓದಿದೆ.