ಕೈ ಕಾಣಿಸಿದ ಆಕಾಶ

ಮೂವತ್ತು ವರ್ಷ ನಾನು ಮುಂಬಯಿಯ ಗೋಡೆಗಳಿಗೆ ಬಣ್ಣ ಬಳಿದಿದ್ದೇನೆ. ಜೋಗೇಶ್ವರಿಯ ಚಾಳುಗಳಿಂದ ಹಿಡಿದು ಮುಲುಂಡಿನ ದೊಡ್ಡ ಸೊಸೈಟಿಗಳವರೆಗೆ. ನಮ್ಮ ಕಸುಬಿನಲ್ಲಿ ಒಳ್ಳೆಯ ಕೆಲಸವೆಂದರೆ ಕೈ ಕಾಣಿಸದ ಕೆಲಸ. ಬ್ರಶ್ಶಿನ ಒಂದು ಗೆರೆ ಉಳಿದರೂ ಮನೆಯವರು ಬೆರಳಿಟ್ಟು ತೋರಿಸುತ್ತಾರೆ. ಹಾಗೆ ಯಾರಿಂದಲೂ ತೋರಿಸಿಕೊಂಡವನಲ್ಲ ಎಂಬ ಜಂಬ ನನಗಿತ್ತು. ಈಗಲೂ ಇದೆ.

ಮೊಣಕಾಲು ಕೈಕೊಟ್ಟು, ಬಿದಿರು ಕಟ್ಟಿದ ಅಟ್ಟಣಿಗೆ, ನಮ್ಮ ಪರಾಂಚಿ, ಹತ್ತುವುದು ನಿಂತ ಮೇಲೆ ಮನೆಯಲ್ಲಿ ಎಲ್ಲರ ಮೇಲೂ ರೇಗತೊಡಗಿದೆ. ಮಗಳು ಸಹಿಸುವಷ್ಟು ಸಹಿಸಿದಳು. ಒಂದು ದಿನ, "ಅಪ್ಪಾ, ಸಂಡೇ ಪೇಂಟಿಂಗ್ ಕ್ಲಾಸ್ ಐತಿ. ನಿನ್ನ ಫಾರ್ಮ್ ತುಂಬೇನಿ. ನೀ ಹೋಗೂದಷ್ಟ ಬಾಕಿ" ಎಂದಳು.

ಕಲಿಸುವ ಟೀಚರಮ್ಮನನ್ನು ಎಲ್ಲರೂ ಬಾಯಿ ಎನ್ನುತ್ತಿದ್ದರು. ಈ ಬಾಯಿಯವರು ಧಾರವಾಡದ ಕಡೆಯವರು, ವಯಸ್ಸಿನಲ್ಲಿ ನನಗಿಂತ ಬಹಳ ಚಿಕ್ಕವರು. ಮಳೆಗಾಲ ಮುಗಿದ ಮೇಲೆ ನಮ್ಮನ್ನು ಮ್ಯೂಸಿಯಮ್ಮಿಗೆ ಕರೆದೊಯ್ದು, ಒಬ್ಬೊಬ್ಬರಿಗೆ ಒಂದೊಂದು ಚಿತ್ರ ತೋರಿಸಿ ನಕಲು ಮಾಡಲು ಹೇಳಿದರು. ಅನುಮತಿ ಮೂರು ಭಾನುವಾರಕ್ಕೆ ಮಾತ್ರ. ನಕಲು ಸರಿಬಂದವರಿಗೆ ಮುಂದಿನ ಕ್ಲಾಸು, ಉಳಿದವರು ಮನೆಗೆ. ನನಗೆ ಮನೆಯೆಂದರೆ ಟಿವಿಯ ಮುಂದಿನ ಕುರ್ಚಿ. ಆ ಕುರ್ಚಿಯೆಂದರೆ ನನಗೆ ನಿಜಕ್ಕೂ ಭಯವಿತ್ತು.

ನನ್ನ ಪಾಲಿಗೆ ಬಂದದ್ದು ಘಾಟಿನ ಒಂದು ಕಣಿವೆ. ಕೆಳಗೆ ಸಣ್ಣ ಹೊಳೆ, ಮೇಲೆ ಮುಕ್ಕಾಲು ಭಾಗ ಸಂಜೆಯ ಆಕಾಶ. ಬಣ್ಣ ಹೊಂದಿಸುವುದು ನನಗೆ ನೀರು ಕುಡಿದಷ್ಟು ಸಲೀಸು. ಎರಡು ಭಾನುವಾರದಲ್ಲಿ ಹೊಳೆ, ಬೆಟ್ಟ, ಆಕಾಶ ಎಲ್ಲ ಮುಗಿಸಿ, ಮೆಚ್ಚುಗೆಗಾಗಿ ಕಾದು ಕೂತೆ.

ಬಾಯಿಯವರು ನೋಡಿದರು. "ಬಣ್ಣ ಬರೋಬ್ಬರಿ ಅದ ಕಾಕಾ. ಆದ್ರ ಇದು ಗ್ವಾಡಿ ಆತು, ಆಕಾಶ ಆಗಲಿಲ್ಲ. ಇದರಾಗ ಕೈ ಎಲ್ಲಿ ಅದ?"

ಕೈ ಅಡಗಿಸುವುದನ್ನೇ ಜೀವಮಾನವಿಡೀ ಕಲಿತವನಿಗೆ ಕೇಳುವ ಪ್ರಶ್ನೆಯೇ ಇದು? ಲೋಕಲ್ ರೈಲಿನಲ್ಲಿ, ಮನೆಯಿರುವ ಜೋಗೇಶ್ವರಿಯವರೆಗೂ ಹಲ್ಲು ಕಡಿಯುತ್ತ ಬಂದೆ.

ಆ ವಾರ ಯಾವಾಗಲೋ ತೇಪೆ ಕೆಲಸ ನೆನಪಾಯಿತು. ಹಳೆಯ ಗೋಡೆಯ ಒಂದು ಭಾಗಕ್ಕಷ್ಟೇ ಬಣ್ಣ ಹಚ್ಚುವಾಗ, ಹಿಂದಿನವನ ಕೈ ಹೇಗೆ ಓಡಿದೆಯೆಂದು ಗೋಡೆಗೆ ಕೆನ್ನೆ ಕೊಟ್ಟು ಓರೆಯಾಗಿ ನೋಡುತ್ತೇವೆ. ಮೂರನೆಯ ಭಾನುವಾರ ಹೋದವನೇ ಚಿತ್ರದ ಪಕ್ಕಕ್ಕೆ ಸರಿದು ಗೋಡೆಗೆ ಕೆನ್ನೆ ಹಚ್ಚಿದೆ. ಕಾವಲುಗಾರ ಓಡಿಬಂದ. ನಾನು ಪೇಂಟರ್, ಮುಟ್ಟುವುದಿಲ್ಲ, ಬರೀ ನೋಡುತ್ತೇನೆ ಎಂದು ಮರಾಠಿಯಲ್ಲಿ ಬಿಡಿಸಿ ಹೇಳಿದೆ. ಆತ ನನ್ನನ್ನು ಎರಡು ಹೆಜ್ಜೆ ಹಿಂದೆ ಸರಿಸಿದ, ಆದರೆ ನೋಡುವುದನ್ನು ತಡೆಯಲಿಲ್ಲ.

ಓರೆಯಿಂದ ನೋಡಿದರೆ ಆ ಆಕಾಶ ನುಣುಪಾಗಿರಲೇ ಇಲ್ಲ. ಬೆಟ್ಟದ ನೆತ್ತಿಯ ಹತ್ತಿರ ಬಣ್ಣ ದಪ್ಪ, ಮೇಲೆ ಹೋದಂತೆ ತೆಳು. ಬ್ರಶ್ಶು ಕೆಳಗಿನಿಂದ ಮೇಲಕ್ಕೆ ಓಡಿತ್ತು. ನಾವು ಎಂದೂ ಹಾಗೆ ಮಾಡುವವರಲ್ಲ. ಬಣ್ಣ ಸೋರಬಾರದೆಂದು ಮೇಲಿನಿಂದ ಶುರು ಮಾಡಿ ಕೆಳಗೆ ಇಳಿಯುತ್ತೇವೆ. ನನ್ನ ನಕಲಿನ ಆಕಾಶವನ್ನೂ ಹಾಗೆಯೇ ಇಳಿಸಿದ್ದೆ.

ಮೊದಲಿನದರ ಮೇಲೆಯೇ ಹೊಸ ಆಕಾಶ ಎಬ್ಬಿಸಿದೆ, ಕೆಳಗಿನಿಂದ ಮೇಲಕ್ಕೆ. ಮೊದಮೊದಲು ಕೈ ಹಠಮಾರಿ ಎತ್ತಿನ ಹಾಗೆ ಹಳೆಯ ದಾರಿಯನ್ನೇ ಹಿಡಿಯುತ್ತಿತ್ತು. ಬೈದುಕೊಂಡು ತಿರುಗಿಸಿದೆ. ಮಧ್ಯಾಹ್ನದ ಹೊತ್ತಿಗೆ ಕೈಗೇ ಖುಷಿ ಹತ್ತಿತು. ಊಟ ಮರೆತೆ.

ಸಂಜೆ ಬಾಯಿಯವರು ಬಂದು ಎದುರಿನಿಂದ ನೋಡಿದರು. ಆಮೇಲೆ ಪಕ್ಕಕ್ಕೆ ಸರಿದು, ನನ್ನ ಹಾಗೆಯೇ ಕತ್ತು ಓರೆ ಮಾಡಿ ನೋಡಿದರು. "ಕಾಕಾ, ಮುಂದಿನ ಕ್ಲಾಸಿಗೆ ದೊಡ್ಡ ಕ್ಯಾನ್ವಾಸ್ ತಗೊಂಡು ಬರ್ರಿ" ಎಂದರು. ಕುಣಿಯಬೇಕೆನಿಸಿತು. ಮೊಣಕಾಲು ಬೇಡವೆಂದಿತು.

ಸಾಮಾನು ಕಟ್ಟುವಾಗ ಕಾವಲುಗಾರ ಮತ್ತೆ ಬಂದ. ನಕಲು ಮಾಡಿದವರ ಹೆಸರಿಲ್ಲದೆ ಚಿತ್ರ ಹೊರಗೆ ಹೋಗುವಂತಿಲ್ಲ, ಅದು ಅಲ್ಲಿಯ ನಿಯಮ. ಹಿಂದೆ ಬರೆಯುತ್ತೇನೆಂದೆ. ಇಲ್ಲ, ಮುಂದೆಯೇ, ಎಲ್ಲರಿಗೂ ಕಾಣುವಂತೆ ಬರೆಯಬೇಕೆಂದ. ಅಷ್ಟು ವರ್ಷದಲ್ಲಿ ಒಂದು ಗೋಡೆಯ ಮೇಲೂ ನಾನು ಹೆಸರು ಬರೆದಿರಲಿಲ್ಲ. ಸಣ್ಣ ಬ್ರಶ್ಶು ಅದ್ದಿ, ಹೊಳೆಯ ದಂಡೆಯ ಮೇಲೆ ಕನ್ನಡದಲ್ಲಿ ಬರೆದೆ. ಅವನಿಗೆ ಆ ಅಕ್ಷರ ಬಾರದು. ಏನು ಬರೆದೆ ಎಂದು ಕೇಳಿದ. ಇಡೀ ಹಾಲಿಗೆ ಕೇಳುವ ಹಾಗೆ ನನ್ನ ಹೆಸರನ್ನು ಓದಿ ಹೇಳಿದೆ.