ಖಲೀಲರು ಹುಡುಕಿದ ಬೀದಿ

ಯಾವ ಬೀದಿಗೆ ಹೋದರೂ ಖಲೀಲರು ಮೊದಲು ನೋಡುತ್ತಿದ್ದದ್ದು ಒಣಗಹಾಕಿದ ಬಟ್ಟೆಗಳನ್ನು. ಬಾಡಿಗೆ ಬೋರ್ಡು ಆಮೇಲೆ. ಒಂದೇ ಬೀದಿಯಲ್ಲಿ ಪಂಚೆ, ಲುಂಗಿ, ಬುರ್ಖಾ, ಕಾನ್ವೆಂಟ್ ಮಕ್ಕಳ ಫ್ರಾಕು ಎಲ್ಲ ಗಾಳಿಗೆ ಆಡುತ್ತಿದ್ದರೆ ಅವರ ಮುಖ ಅರಳುತ್ತಿತ್ತು. “ಇಲ್ಲಿ ಕೇಳೋಣ ಮೂರ್ತಿ. ಎಲ್ಲಾ ಥರದೋರೂ ಇದಾರೆ ಕಣ್ರೀ ಇಲ್ಲಿ,” ಎಂದು ನನಗೆ ಹೇಳಿ ಸೈಕಲ್ಲಿನಿಂದ ಇಳಿಯುತ್ತಿದ್ದರು. ಬರೀ ಒಂದೇ ಬಗೆಯ ಬಟ್ಟೆ ಕಂಡರೆ ಇಳಿಯದೆ ಪೆಡಲ್ ತುಳಿಯುತ್ತಿದ್ದರು.

ಅದು ಅರವತ್ತರ ದಶಕದ ಮೊದಲ ಭಾಗ. ಗೊರಗುಂಟೆಪಾಳ್ಯದ ಹತ್ತಿರ ಒಂದು ಕಾರ್ಖಾನೆಯ ಡ್ರಾಯಿಂಗ್ ವಿಭಾಗಕ್ಕೆ ನಾನು ಹೊಸದಾಗಿ ಸೇರಿದ್ದೆ. ಖಲೀಲರು ನನಗಿಂತ ಹಿರಿಯರು. ಪೆನ್ಸಿಲ್ ಹಿಡಿಯುವುದರಿಂದ ಹಿಡಿದು ಸಾಹೇಬರ ಬೈಗುಳ ನುಂಗುವುದರವರೆಗೆ ಎಲ್ಲ ಕಲಿಸಿದವರು ಅವರೇ. ಎತ್ತರದ ಆಳು, ಯಾವಾಗಲೂ ಇಸ್ತ್ರಿಯ ಬಿಳಿ ಷರ್ಟು. ಮನೆ ಮಾತ್ರ ದೂರದ ದಂಡು ಪ್ರದೇಶದಲ್ಲಿ, ಗಾಳಿಯಾಡದ ಒಂದು ಕೋಣೆ. ಮಕ್ಕಳು ಏಳುವ ಮೊದಲೇ ಸೈಕಲ್ ಹತ್ತಬೇಕು. “ನನ್ನ ಮಕ್ಕಳು ನಿದ್ದೇಲಿ ಹೆಂಗಿರ್ತಾರೆ ಅಂತ ಕೇಳಿ, ಹೇಳ್ತೀನಿ. ಎದ್ದಾಗ ಹೆಂಗಿರ್ತಾರೋ ನಂಗೊತ್ತಿಲ್ಲ,” ಎನ್ನುತ್ತಿದ್ದರು.

ಅವರ ಹೆಂಡತಿ ಸುಶೀಲಕ್ಕ ತುಮಕೂರು ಕಡೆಯ ಮೇಷ್ಟರೊಬ್ಬರ ಮಗಳು. ಇಬ್ಬರೂ ರಿಜಿಸ್ಟರ್ ಮದುವೆಯಾದವರು. ಅವರೂ ಹೆಸರು ಬದಲಿಸಲಿಲ್ಲ, ಇವರೂ ಬದಲಿಸಲಿಲ್ಲ. ಎರಡು ಕಡೆಯ ನೆಂಟರೂ ಬಾಗಿಲು ಹಾಕಿಕೊಂಡರು. ಮಗಳು ಮುನ್ನಿಗೆ ಶಾಲೆಯ ವಯಸ್ಸಾಗಿತ್ತು, ಮಗ ಇನ್ನೂ ಕಂಕುಳ ಕೂಸು. ಕಾರ್ಖಾನೆಗೆ ಹತ್ತಿರ, ಬಾಡಿಗೆ ಕೈಗೆಟುಕುವಂಥದ್ದು, ಮಕ್ಕಳು ಯಾರ ಮನೆಗಾದರೂ ನುಗ್ಗಿ ಆಡಿಕೊಂಡು ಬರಬಹುದಾದ ಬೀದಿ. ಅವರು ಕೇಳಿದ್ದು ಇಷ್ಟೇ. ನಾನು ಯಶವಂತಪುರದಲ್ಲಿ ಸ್ನೇಹಿತರ ಜೊತೆ ರೂಮು ಮಾಡಿಕೊಂಡಿದ್ದೆ. ರಜಾ ದಿನ ಇಬ್ಬರೂ ಮನೆ ಹುಡುಕಲು ಹೊರಡುತ್ತಿದ್ದೆವು.

ಯಶವಂತಪುರದ ಒಂದು ವಠಾರದಲ್ಲಿ ಮನೆಯೊಡತಿ ಕಾಫಿ ಕೊಟ್ಟು, ಅಡುಗೆಮನೆ ತೋರಿಸಿ, ಕೊನೆಗೆ ಕೇಳಿದರು: “ತಾವು ಯಾವ ಜನ?” ಖಲೀಲರು ಸುಳ್ಳು ಹೇಳುವವರಲ್ಲ. ತಮ್ಮ ಹೆಸರು ಹೇಳಿದರು, ಹೆಂಡತಿಯ ಹೆಸರೂ ಹೇಳಿದರು. ಆಕೆ, “ನಮಗೇನೂ ಇಲ್ಲಪ್ಪ. ಆದ್ರೆ ಬಾವಿ ಒಂದೇ ಇರೋದು. ಮಿಕ್ಕ ಬಾಡಿಗೆಯೋರು ಒಪ್ಪಬೇಕಲ್ಲ,” ಎಂದು ಖಾಲಿ ಲೋಟಗಳ ಕಡೆ ನೋಡಿದರು.

ಹೆಬ್ಬಾಳದಲ್ಲಿ ಒಬ್ಬ ಸಾಬರು ಭುಜ ತಬ್ಬಿ ಬರಮಾಡಿಕೊಂಡರು. ಸುಶೀಲಕ್ಕನ ಹೆಸರು ಕೇಳಿದ ಮೇಲೆ ಅವರ ಕೈ ಭುಜದಿಂದ ಇಳಿಯಿತು. “ಬೀಬಿ ಹೆಸರು ಬದಲಾಯಿಸಿಕೊಳ್ಳಲಿ, ನಾಳೆನೇ ಬೀಗದ ಕೈ ತಗೊಂಡ್ ಹೋಗಿ,” ಎಂದರು. ದಂಡಿಗೆ ಹೋಗಿ ವಿಷಯ ಹೇಳಿದಾಗ ಸುಶೀಲಕ್ಕ ಕೂಸಿಗೆ ಅನ್ನ ತಿನ್ನಿಸುತ್ತಿದ್ದರು. “ಬರೀ ಹೆಸರು ತಾನೆ? ಕೊಟ್ಬಿಡ್ಲಾ?” ಎಂದರು. ಖಲೀಲರು, “ಕೊಟ್ಬಿಟ್ರೆ ಆ ಮನೇಲಿ ನಾನು ಯಾರನ್ನ ಕರೀಲಿ ಸುಶೀ?” ಎಂದರು. ಆ ಮನೆಯ ಮಾತು ಅಲ್ಲಿಗೆ ಮುಗಿಯಿತು.

ಕೊನೆಗೆ ಕೊಡಿಗೇಹಳ್ಳಿಯಲ್ಲಿ ಒಂದು ಮನೆ ಸಿಕ್ಕಿತು. ತರಕಾರಿ ಬೆಳೆಯುತ್ತಿದ್ದ ಮುನಿಯಪ್ಪ ಎಂಬ ಮುದುಕ ತನ್ನ ಮನೆಯ ಪಕ್ಕದ ಎರಡು ಅಂಕಣ ಬಿಟ್ಟುಕೊಟ್ಟ. ಯಾರು ಏನು ಎಂದು ಖಲೀಲರೇ ಹೇಳಹೋದರೆ, “ಅದೆಲ್ಲ ಕಟ್ಕೊಂಡು ನಂಗೇನಾಗ್ಬೇಕು ಸೋಮಿ? ಮಕ್ಳು ಮರಿ ಇದ್ರೆ ಅಟ್ಟಿ ತುಂಬ್ಕೊಂಡಿರ್ತೈತೆ,” ಎಂದ. ಅಲ್ಲಿಂದ ಕಾರ್ಖಾನೆ ಅಷ್ಟೇನೂ ಹತ್ತಿರವಲ್ಲ. ಆದರೂ ಖಲೀಲರು ಮಗಳನ್ನು ಎಚ್ಚರವಿರುವಾಗ ನೋಡತೊಡಗಿದರು. ಊಟದ ಹೊತ್ತಿನಲ್ಲಿ ಅವಳ ಮಾತುಗಳನ್ನೇ ನಮಗೆಲ್ಲ ಒಪ್ಪಿಸುತ್ತಿದ್ದರು. ಮುನಿಯಪ್ಪನ ಮಗಳು ಮುನ್ನಿಗೆ ಜಡೆ ಹೆಣೆದು ಹೂ ಮುಡಿಸುತ್ತಿದ್ದಳಂತೆ.

ಒಂದು ಸುಗ್ಗಿಯಿಂದ ಇನ್ನೊಂದು ಸುಗ್ಗಿಯವರೆಗೂ ಅದು ಉಳಿಯಲಿಲ್ಲ. ನಾನು ಅಲ್ಲಿಗೆ ಹೋಗಿದ್ದ ಒಂದು ಬೆಳಿಗ್ಗೆ ಮುನಿಯಪ್ಪ ಬಂದು, ಒಳಗೆ ಬರದೆ ಹೊಸ್ತಿಲಾಚೆ ಕುಕ್ಕರುಗಾಲಲ್ಲಿ ಕೂತ. “ಮಗ್ಳಿಗೆ ಸಂಬಂದ ಬಂದೈತೆ ಸೋಮಿ. ಗಂಡಿನ್ ಕಡೇರು ನಿಮ್ಮನ್ನ ನೋಡುದ್ರು. ಇಂಥೋರ್ನ ಮಡಿಕ್ಕಂಡಿರೋ ಮನೆಯಿಂದ ಎಣ್ಣು ಬ್ಯಾಡ ಅಂತವ್ರೆ.” ಟವೆಲಿನಿಂದ ಮುಖ ಮುಚ್ಚಿಕೊಂಡು ಅತ್ತೇಬಿಟ್ಟ. ಖಲೀಲರು ಅವನ ಪಕ್ಕದಲ್ಲೇ ನೆಲದ ಮೇಲೆ ಕೂತು ಅವನ ಬೆನ್ನು ಸವರಿದರು. “ಹುಡುಗಿ ಮದುವೆ ನಿಲ್ಲಬಾರದು ಮುನಿಯಪ್ಪ. ನಾವು ಹೊರಡ್ತೀವಿ.”

ಸಾಮಾನು ಗಾಡಿಗೆ ಹೇರುವಾಗ ಸುಶೀಲಕ್ಕ ನನಗೆ ಹೇಳಿದರು: “ಕೆಟ್ಟೋರು ಬೇಡ ಅಂದ್ರೆ ಬೈಕೊಂಡಾದ್ರೂ ಬರಬಹುದು ಮೂರ್ತಿ. ಒಳ್ಳೇವ್ರು ಅಳ್ತಾ ಬೇಡ ಅಂದ್ರೆ ಏನ್ಮಾಡೋದು?”

ಆಮೇಲೆ ಖಲೀಲರು ನನ್ನನ್ನು ಮನೆ ಹುಡುಕಲು ಕರೆಯಲಿಲ್ಲ. ಮನೆ ಸಿಕ್ಕಿತಂತೆ ಎಂದು ಕಾರ್ಖಾನೆಯಲ್ಲಿ ಯಾರೋ ಹೇಳಿದರು. ಸಂತೋಷದಿಂದ ಕೇಳಿದರೆ ಅವರು ಡ್ರಾಯಿಂಗ್ ಹಲಗೆಯಿಂದ ತಲೆ ಎತ್ತದೆ, “ಒಂದಲ್ಲ, ಎರಡು ಸಿಕ್ತು,” ಎಂದರು. ಗಂಡನಿಗೆ ಬೊಂಬಾಯಿಯಲ್ಲಿ ಕೆಲಸ ಎಂದು ಹೇಳಿ ಸುಶೀಲಕ್ಕ ಮಕ್ಕಳೊಡನೆ ಮತ್ತಿಕೆರೆಯಲ್ಲಿ ಮನೆ ಹಿಡಿದಿದ್ದರು. ಖಲೀಲರು ಬ್ರಹ್ಮಚಾರಿ ಎಂದು ಹೇಳಿ ಯಶವಂತಪುರದ ರೈಲು ಹಳಿಯ ಪಕ್ಕ ಒಂದು ರೂಮು. ಸುಳ್ಳು ಹೇಳಿದ ಮೇಲೆ ಇಬ್ಬರಿಗೂ ಒಂದೇ ದಿನದಲ್ಲಿ ಮನೆ ಸಿಕ್ಕಿತ್ತು. ಎರಡೂ ಕಾರ್ಖಾನೆಗೆ ಹತ್ತಿರ. ಹೆಂಡತಿಯ ಬೀದಿಗೆ ಮಾತ್ರ ಅವರು ಕಾಲಿಡುವಂತಿರಲಿಲ್ಲ.

ನನಗೆ ಬೇರೆ ಊರಿಗೆ ವರ್ಗವಾದಾಗ ಹೇಳಿಹೋಗಲೆಂದು ಒಂದು ಭಾನುವಾರ ಸಂಜೆ ಸ್ಯಾಂಕಿ ಕೆರೆಯ ಏರಿಗೆ ಹೋದೆ. ಖಲೀಲರ ಸಂಸಾರವೆಲ್ಲ ಸೇರುತ್ತಿದ್ದದ್ದು ಅಲ್ಲೇ. ಸುಶೀಲಕ್ಕ ಡಬ್ಬಿಯಲ್ಲಿ ಚಿತ್ರಾನ್ನ ತಂದಿದ್ದರು. ಕೂಸು ಖಲೀಲರ ತೊಡೆಯ ಮೇಲೆ ಮಲಗಿತ್ತು. ಮುನ್ನಿ ಅಪ್ಪನ ಬೆನ್ನಿಗೆ ಒರಗಿಕೊಂಡು ಮಗ್ಗಿ ಒಪ್ಪಿಸುತ್ತಿದ್ದಳು. ಅಷ್ಟರಲ್ಲಿ ಏರಿಯ ಮೇಲೆ ಸುಶೀಲಕ್ಕನ ಮತ್ತಿಕೆರೆ ಬೀದಿಯ ಇಬ್ಬರು ಹೆಂಗಸರು ಬರುವುದು ಕಂಡಿತು.

ದೊಡ್ಡವರು ಹೇಳುವ ಮೊದಲೇ ಮುನ್ನಿ ತಾನೇ ಎದ್ದು ಲಂಗ ಕೊಡವಿಕೊಂಡಳು. ತಮ್ಮನನ್ನು ಎತ್ತಿ ಅಮ್ಮನ ಕೈಗೆ ಕೊಟ್ಟಳು. ಆಮೇಲೆ ಆ ಹೆಂಗಸರಿಗೆ ಕೇಳುವಷ್ಟು ಗಟ್ಟಿಯಾಗಿ ಖಲೀಲರಿಗೆ ಹೇಳಿದಳು:

“ಬರ್ತೀವಿ ಮಾಮ.”